ಅಳಲೆಕಾಯಿ, ಪಟಿಕ ಮತ್ತು ಒಂದು ಚೀಲದ ಲೆಕ್ಕ

ಹುಮನಾಬಾದಿನ ಹುಡುಗ–ಹುಡುಗಿಯರಿಗೆ ಡಿಗ್ರಿ ಮುಗಿದ ಮೇಲೆ ಕಾಣುವುದು ಎರಡೇ ದಿಕ್ಕು. ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಪೂರ್ವಕ್ಕೆ ಹೋದರೆ ಹೈದರಾಬಾದ್, ಪಶ್ಚಿಮಕ್ಕೆ ಹೋದರೆ ಪುಣೆ. ನಮ್ಮ ಬ್ಯಾಚಿನವರಲ್ಲಿ ಅರ್ಧ ಮಂದಿ ಆ ಕಡೆ, ಅರ್ಧ ಮಂದಿ ಈ ಕಡೆ. ಉಳಿದವರು ನನ್ನ ಹಾಗೆ ಮನೆಯಲ್ಲಿ ಕೂತು ಎಫ್‌ಡಿಎ, ಪಿಡಿಒ ಪರೀಕ್ಷೆಗಳಿಗೆ ಓದುತ್ತಿರುವವರು. ಅಧಿಸೂಚನೆ ಬರುತ್ತದೆ, ಮುಂದಕ್ಕೆ ಹೋಗುತ್ತದೆ, ಮತ್ತೆ ಬರುತ್ತದೆ. 371(ಜೆ) ಪ್ರಮಾಣಪತ್ರ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿದೆ.

ಬೆಳಿಗ್ಗೆ ಓದುತ್ತೇನೆ. ಮಧ್ಯಾಹ್ನ ಮಾಳಿಗೆಯ ಮೇಲೆ ಬಟ್ಟೆಗೆ ಅಚ್ಚು ಒತ್ತುತ್ತೇನೆ. ಎರಡನೆಯದನ್ನು ಹೇಳಿದಾಗಲೆಲ್ಲ ಎದುರಿನವರು ಕೇಳುವುದು ಒಂದೇ ಪ್ರಶ್ನೆ: ‘ಅದರಾಗ ಏನ್ ಸಿಗ್ತದ?’ ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಉತ್ತರ ಕೊಡಲು ಮೊದಲು ಕೆಲಸ ಏನೆಂದು ಹೇಳಬೇಕು, ಆಮೇಲೆ ಲೆಕ್ಕ.

ಶುರುವಾದದ್ದು ಬಸವಕಲ್ಯಾಣದಲ್ಲಿ ಬಿ.ಎ. ಓದುವಾಗ, ಎನ್‌ಎಸ್‌ಎಸ್ ಶಿಬಿರದಲ್ಲಿ. ಪ್ಲಾಸ್ಟಿಕ್ ಬೇಡ, ಬಟ್ಟೆ ಚೀಲ ಬಳಸಿ ಎಂಬ ಜಾಗೃತಿ ಕಾರ್ಯಕ್ರಮ. ಬೆಂಡೆಕಾಯಿ ಅಡ್ಡ ಕೊಯ್ದು, ಪೋಸ್ಟರ್ ಬಣ್ಣದಲ್ಲಿ ಅದ್ದಿ, ಚೀಲದ ಮೇಲೆ ಒತ್ತಿಸಿದರು. ಐದು ಎಸಳಿನ ಹೂವು ಬಿತ್ತು. ಚೆಂದ ಕಂಡಿತು. ಎರಡು ಸಲ ಒಗೆದ ಮೇಲೆ ಎಲ್ಲರ ಚೀಲವೂ ಮತ್ತೆ ಬೆಳ್ಳಗೆ. ಆದರೆ ನಮ್ಮ ಅಜ್ಜಿಯ ಟ್ರಂಕಿನಲ್ಲಿ ನಲವತ್ತು ವರ್ಷದ ಹಳೆಯ ಅಚ್ಚಿನ ಹೊದಿಕೆ ಒಂದಿದೆ. ಅದರ ಕೆಂಪು ಇನ್ನೂ ಕೆಂಪಾಗಿಯೇ ಇದೆ. ಇದು ಯಾಕೆ ಹೋಯಿತು, ಅದು ಯಾಕೆ ಉಳಿಯಿತು? ಈ ಒಂದು ಪ್ರಶ್ನೆಯ ಹಿಂದೆ ಎರಡು ವರ್ಷ ಓಡಾಡಿದೆ.

ಉತ್ತರ ಕಿರಾಣಿ ಅಂಗಡಿಯಲ್ಲೇ ಇತ್ತು. ಬಟ್ಟೆಗೂ ಬಣ್ಣಕ್ಕೂ ನೇರ ಸಂಬಂಧ ಕೂಡುವುದು ಅಪರೂಪ. ಹತ್ತಿಯ ನೂಲು ಬಹಳಷ್ಟು ಗಿಡದ ಬಣ್ಣಗಳನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ನಡುವೆ ಒಬ್ಬ ದಲ್ಲಾಳಿ ಬೇಕು. ಆ ದಲ್ಲಾಳಿಯೇ ಪಟಿಕ. ನಮ್ಮ ಕಡೆ ಒಂದೇ ಅಂಗಡಿಯಲ್ಲಿ ಇದನ್ನು ಒಬ್ಬರು ಪಟಿಕ ಎಂದು ಕೇಳಿದರೆ ಇನ್ನೊಬ್ಬರು ತುರಟಿ ಎನ್ನುತ್ತಾರೆ, ಮತ್ತೊಬ್ಬರು ಫಿಟ್ಕರಿ ಎನ್ನುತ್ತಾರೆ. ಅಂಗಡಿಯವರು ಮೂವರಿಗೂ ಒಂದೇ ಡಬ್ಬಿಯಿಂದ ಕೊಡುತ್ತಾರೆ. ದಾಡಿ ಮಾಡಿದ ಮೇಲೆ ಕ್ಷೌರದಂಗಡಿಯಲ್ಲಿ ಉಜ್ಜುವ ಅದೇ ಬಿಳಿ ಕಲ್ಲು. ಇದರ ಜೊತೆಗೆ ಅಳಲೆಕಾಯಿ. ಅಂಗಡಿಯಲ್ಲಿ ಹಿರಡಾ ಎಂದರೆ ಬೇಗ ಸಿಗುತ್ತದೆ. ಹೊಟ್ಟೆ ಕಟ್ಟಿದಾಗ ಕುಡಿಸುವ ಚೂರ್ಣಕ್ಕೆ ಹಾಕುವ ಕಾಯಿ. ಇದರಲ್ಲಿರುವ ಒಗರು, ಅಂದರೆ ಟ್ಯಾನಿನ್, ಹತ್ತಿಗೆ ಅಂಟಿಕೊಳ್ಳುತ್ತದೆ. ಪಟಿಕ ಆ ಒಗರಿಗೆ ಅಂಟಿಕೊಳ್ಳುತ್ತದೆ. ಬಣ್ಣ ಪಟಿಕಕ್ಕೆ ಅಂಟಿಕೊಳ್ಳುತ್ತದೆ. ಸರಪಳಿಯ ಒಂದು ಕೊಂಡಿ ಬಿಟ್ಟರೂ ಬಣ್ಣ ಒಗೆದ ನೀರಿನ ಜೊತೆ ಹೋಗುತ್ತದೆ.

ನಾನು ಮಾಡುವ ಕ್ರಮ ಹೀಗೆ. ಮಂಜರಪಾಟು ಬಟ್ಟೆ ತಂದು ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಒಂದು ತಾಸು ಕುದಿಸುತ್ತೇನೆ. ಗಿರಣಿಯವರು ಹಾಕಿದ ಗಂಜಿ, ಹತ್ತಿಯ ಜಿಡ್ಡು ಎಲ್ಲ ಬಿಟ್ಟು ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ‘ಹೊಸಾ ಬಟ್ಟಿ ಇಷ್ಟ್ ಹೊಲಸ ಇರ್ತದೇನ?’ ಎಂದು ಅವ್ವ ಕೇಳಿದ್ದು ಇನ್ನೂ ನೆನಪಿದೆ. ಆಮೇಲೆ ಅಳಲೆಕಾಯಿ ಪುಡಿ ನೆನೆಸಿದ ನೀರಿನಲ್ಲಿ ಅದ್ದಿ, ಹಿಂಡಿ, ಬಿಸಿಲಿಗೆ. ಬಟ್ಟೆ ತುಪ್ಪದ ಹಳದಿಯಾಗುತ್ತದೆ. ನೂರು ಗ್ರಾಂ ಬಟ್ಟೆಗೆ ಹದಿನೈದರಿಂದ ಇಪ್ಪತ್ತು ಗ್ರಾಂ ಪಟಿಕ ಸಾಕು. ಇಡೀ ಬಟ್ಟೆಗೆ ಒಂದೇ ಬಣ್ಣ ಬೇಕಿದ್ದರೆ ಪಟಿಕದ ನೀರಿನಲ್ಲಿ ಅದ್ದಬೇಕು. ಚಿತ್ತಾರ ಬೇಕಿದ್ದರೆ ಪಟಿಕವನ್ನೇ ಜಾಲಿ ಅಂಟಿನಲ್ಲಿ ಕಲಸಿ ಅಚ್ಚಿನಿಂದ ಒತ್ತಬೇಕು.

ನನಗೆ ಅತ್ಯಂತ ಇಷ್ಟವಾದ ಘಟ್ಟ ಇದೇ. ಪಟಿಕಕ್ಕೆ ಬಣ್ಣವಿಲ್ಲ. ಎಲ್ಲಿ ಒತ್ತಿದ್ದೇವೆ ಎಂದು ಕಾಣುವುದಕ್ಕಾಗಿ ಗೋಡೆಯಂಚಿಗೆ ಬಳಿಯುವ ಜಾಜನ್ನು ಒಂದು ಚಿಟಿಕೆ ಸೇರಿಸುತ್ತೇವೆ. ಒಣಗಿಸಿ, ಎರಡು ಮೂರು ದಿನ ಬಿಟ್ಟು, ಹರಿಯುವ ನೀರಿನಲ್ಲಿ ತೊಳೆದರೆ ಆ ಜಾಜೂ ಹೋಗಿ ಬಟ್ಟೆ ಬಹುತೇಕ ಖಾಲಿ. ನೋಡಿದವರಿಗೆ ಇಷ್ಟು ಹೊತ್ತು ಮಾಡಿದ್ದೆಲ್ಲ ದಂಡ ಅನ್ನಿಸಬೇಕು. ಆ ಖಾಲಿ ಬಟ್ಟೆಯನ್ನು ಮಂಜಿಷ್ಠದ ಬೇರು ಕುದಿಯುತ್ತಿರುವ ಪಾತ್ರೆಗೆ ಇಳಿಸಿದಾಗ, ಹತ್ತು ನಿಮಿಷದೊಳಗೆ ಪಟಿಕ ಬಿದ್ದ ಜಾಗದಲ್ಲಿ ಮಾತ್ರ ಕೆಂಪು ಎದ್ದು ಬರುತ್ತದೆ. ಆಂಧ್ರದ ಮಚಲಿಪಟ್ಟಣ, ಪೆಡನದ ಕಲಂಕಾರಿಯ ಕೆಂಪು ಹುಟ್ಟುವುದೂ ಈ ದಾರಿಯಲ್ಲೇ. 1868ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞರಾದ ಗ್ರೇಬೆ ಮತ್ತು ಲೀಬರ್ಮಾನ್ ಇಂಥ ಬೇರಿನ ಕೆಂಪಿನ ಸಾರವಾದ ಅಲಿಜರಿನ್ ಅನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಅಲ್ಲಿಂದ ಬೇರಿನ ಮಾರುಕಟ್ಟೆ ಬಿದ್ದುಹೋಯಿತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಇದನ್ನೂ ನೋಟ್ಸಿನಲ್ಲಿ ಬರೆದಿಟ್ಟುಕೊಳ್ಳಬಹುದು.

ಕಪ್ಪು ಇನ್ನೂ ಸುಲಭ, ಇನ್ನೂ ಅಗ್ಗ. ತುಕ್ಕು ಹಿಡಿದ ಕಬ್ಬಿಣ, ಬೆಲ್ಲ, ನೀರು ಮಡಕೆಗೆ ಹಾಕಿ ಬಾಯಿ ಕಟ್ಟಿ ಎರಡು ಮೂರು ವಾರ ಇಡಬೇಕು. ವಾಸನೆಯ ಬಗ್ಗೆ ಹೇಳದಿರುವುದೇ ಮೇಲು. ನಮ್ಮ ಮನೆಯಲ್ಲಿ ಆ ಮಡಕೆಗೆ ಮಾಳಿಗೆಯ ತುದಿಯ ಮೂಲೆಯೇ ಗತಿ. ಆ ನೀರನ್ನು ಸೋಸಿ, ಅಂಟು ಅಥವಾ ಹುಣಸೆಬೀಜದ ಪುಡಿ ಹಾಕಿ ಗಟ್ಟಿ ಮಾಡಿ, ಅಳಲೆಕಾಯಿಯಲ್ಲಿ ಅದ್ದಿದ ಬಟ್ಟೆಯ ಮೇಲೆ ಒತ್ತಿದರೆ ಕಣ್ಣೆದುರೇ ಕಪ್ಪಾಗುತ್ತದೆ. ಒಗರಿಗೆ ಕಬ್ಬಿಣ ತಾಗಿದರೆ ಕಪ್ಪು: ಹಳೆಯ ಕಾಲದ ಬರೆಯುವ ಶಾಯಿಯ ಗುಟ್ಟೂ ಇದೇ. ಬೆಲ್ಲ ಬೀದರ್ ಜಿಲ್ಲೆಯ ಕಬ್ಬಿನದು. ತುಕ್ಕಿನ ಕಬ್ಬಿಣಕ್ಕೆ ಬಸವಕಲ್ಯಾಣಕ್ಕಿಂತ ಬೇರೆ ಊರು ಬೇಕೆ? ಸಸ್ತಾಪುರ ಬಂಗ್ಲಾದ ಲಾರಿ ಗ್ಯಾರೇಜುಗಳಲ್ಲಿ ಕೇಳಿದರೆ ಚೀಲಗಟ್ಟಲೆ ಕೊಡುತ್ತಾರೆ. ಒಂದು ಎಚ್ಚರ: ಕಬ್ಬಿಣದ ನೀರು ಹೆಚ್ಚಾದರೆ ವರ್ಷ ಎರಡು ವರ್ಷದಲ್ಲಿ ಕಪ್ಪು ಬಿದ್ದಲ್ಲೇ ಬಟ್ಟೆ ಹರಿಯುತ್ತದೆ.

ಗ್ಯಾರೇಜಿನ ಮಾತು ಬಂತು, ಅದನ್ನೇ ಮುಂದುವರಿಸುತ್ತೇನೆ. ಅಚ್ಚು ಎಂದರೆ ಕೆತ್ತಿದ ಮರವೇ ಆಗಬೇಕಿಲ್ಲ. ತೇಗ, ಬೀಟೆಯಲ್ಲಿ ಕೆತ್ತಿ, ಗಾಳಿ ಹೋಗಲು ತೂತು ಕೊರೆದು, ದಿನಗಟ್ಟಲೆ ಎಣ್ಣೆಯಲ್ಲಿ ನೆನೆಸಿದ ಅಚ್ಚಿನ ಬೆಲೆ ವಿದ್ಯಾರ್ಥಿಯ ಜೇಬಿಗೆ ಭಾರ. ನನ್ನ ಬಳಿ ಇರುವುದು ರಬ್ಬರಿನ ಅಚ್ಚುಗಳು ಒಂದಿಷ್ಟು, ಬಡಗಿಯ ಅಂಗಡಿಯ ಚೂರು ಮರದಲ್ಲಿ ನಾನೇ ಕೊರೆದವು ಆರು. ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಲಾರಿಯ ತಗಡು. ಲಾರಿಯ ಮೆಟ್ಟಿಲಿಗೆ ಹಾಕುವ, ಕಾಲು ಜಾರದಂತೆ ಉಬ್ಬು ಗೆರೆಗಳಿರುವ ತಗಡು ನೋಡಿದ್ದೀರಲ್ಲ? ಅದರ ಮೇಲೆ ಅಳಲೆಕಾಯಿ ಹಿಡಿಸಿದ ತೆಳ್ಳನೆಯ ಬಟ್ಟೆಯನ್ನು ಬಿಗಿಯಾಗಿ ಕಟ್ಟಿ, ಅರಿವೆಯ ಉಂಡೆಯನ್ನು ಕಬ್ಬಿಣದ ಅಂಟಿಗೆ ತುಸುವೇ ಮುಟ್ಟಿಸಿ, ಮೇಲಿಂದ ತಟ್ಟುತ್ತಾ ಹೋದರೆ ಉಬ್ಬಿದ್ದಷ್ಟೇ ಕಪ್ಪಾಗಿ ಮೂಡುತ್ತದೆ. ಆ ಗೆರೆಗಳ ಅಂಚಿನ ಮೇಲೋದರ ಈಗ ನನ್ನ ಹೆಚ್ಚು ಮಾರಾಟವಾಗುವ ಮಾಲು. ನಾಣ್ಯ, ಹಳೆಯ ವಾಡೆಯ ಬಾಗಿಲ ಹಿತ್ತಾಳೆ ಬಿಲ್ಲೆ, ಬಾಳೆಲೆಯ ನರ, ಎಲ್ಲಕ್ಕೂ ಇದೇ ವಿಧಾನ.

ಇದನ್ನು ನಾನು ಕಂಡುಹಿಡಿದದ್ದಲ್ಲ. ಶಾಸನ ತಜ್ಞರು ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ಗುಣಿಯೊಳಗೆ ಕೂರಿಸಿ, ಮೇಲೆ ಮಸಿಯ ಉಂಡೆ ತಟ್ಟಿ ಪಡಿಯಚ್ಚು ತೆಗೆಯುತ್ತಾರೆ. ಕಪ್ಪು ಕಾಗದದಲ್ಲಿ ಅಕ್ಷರ ಬೆಳ್ಳಗೆ ನಿಲ್ಲುತ್ತದೆ. ನಾನು ಮಾಡುವುದು ಬಟ್ಟೆಯ ಮೇಲೆ ಅದೇ. ಒಂದು ವ್ಯತ್ಯಾಸ ತಮಾಷೆಯದು: ಅಚ್ಚಿನಲ್ಲಿ ‘ಕಲ್ಯಾಣ’ ಎಂದು ಬರಬೇಕಾದರೆ ಕನ್ನಡಿಯಲ್ಲಿ ಕಾಣುವ ಹಾಗೆ ಉಲ್ಟಾ ಕೊರೆಯಬೇಕು, ಯತ್ತು, ಒತ್ತು ಎಲ್ಲ ತಿರುಗಿಸಿ. ಪಡಿಯಚ್ಚಿನಲ್ಲಿ ಅಕ್ಷರ ಇದ್ದ ಹಾಗೆಯೇ ನೇರ ಬರುತ್ತದೆ.

ಹುಮನಾಬಾದ್ ತಾಲ್ಲೂಕಿನ ಜಲಸಂಗವಿಯ ಕಲ್ಮೇಶ್ವರ ಗುಡಿಗೆ ಹೋದವರು ಹೊರಗೋಡೆಯಲ್ಲಿ ಬರೆಯುತ್ತಾ ನಿಂತ ಸುಂದರಿಯನ್ನು ನೋಡಿರುತ್ತೀರಿ. ಆರನೇ ವಿಕ್ರಮಾದಿತ್ಯನನ್ನು ಹೊಗಳುವ ಸಾಲುಗಳನ್ನು ಅವಳು ಕಲ್ಲಿನಲ್ಲೇ ಬರೆಯುತ್ತಿದ್ದಾಳೆ. ಶಾಸನ ಸುಂದರಿ ಎಂದೇ ಅವಳ ಹೆಸರು. ಗೆಳತಿಯರು ‘ಅವಳ ಮೇಲೇ ಬಟ್ಟೆ ಹಾಸಿ ತೆಗಿ, ಚೊಲೊ ಬರ್ತದ’ ಎನ್ನುತ್ತಾರೆ. ಅದು ಆಗದ ಮಾತು. ಒಂಬೈನೂರು ವರ್ಷದ ಕಲ್ಲಿಗೆ ಕಬ್ಬಿಣದ ನೀರು ತಾಗಿಸಿದರೆ ಕಲೆ ಹೋಗುವುದಿಲ್ಲ, ಹಳೆಯ ಸ್ಮಾರಕ ನಮ್ಮ ಅಚ್ಚಿನ ಹಲಗೆಯೂ ಅಲ್ಲ. ಫೋಟೊ ನೋಡಿ ಗೆರೆ ಎಳೆದು, ಅವಳ ಎತ್ತಿದ ಕೈಯನ್ನಷ್ಟೇ ಮರದಲ್ಲಿ ಕೊರೆದಿದ್ದೇನೆ. ಪುಸ್ತಕದ ಚೀಲಗಳಿಗೆ ಅದೇ ಅಚ್ಚು.

ಅವಳು ಹೊಗಳುವ ವಿಕ್ರಮಾದಿತ್ಯ ಆಳಿದ್ದು 1076ರಿಂದ 1126ರವರೆಗೆ, ನಮ್ಮ ಕಲ್ಯಾಣದಿಂದ. ಅವನ ಮಗ ಮೂರನೇ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ಮಾನಸೋಲ್ಲಾಸ ಬರೆದ. ಪರೀಕ್ಷೆಗೆ ‘ಮಾನಸೋಲ್ಲಾಸದ ಕರ್ತೃ ಯಾರು’ ಎಂದು ಬಾಯಿಪಾಠ ಮಾಡಿದವರೇ ನಾವೆಲ್ಲ. ಅದರೊಳಗೆ ಅಡುಗೆ, ಆನೆ, ಕುಸ್ತಿಯ ಜೊತೆ ಬಟ್ಟೆಯ ಬಗ್ಗೆಯೂ ಒಂದು ಅಧ್ಯಾಯ ಇದೆ ಎಂದು ಯಾವ ಗೈಡೂ ಹೇಳಲಿಲ್ಲ. ಅರಮನೆಗೆ ಯಾವ ಯಾವ ನಾಡಿನ ಬಟ್ಟೆ ಬರುತ್ತಿತ್ತು ಎಂಬ ಪಟ್ಟಿಯಿದೆ; ಮಂಜಿಷ್ಠ, ಅರಗು, ಕುಸುಬೆ, ಅರಿಶಿನ, ನೀಲಿ, ಹೀಗೆ ಬಣ್ಣಗಳ ಹೆಸರಿವೆ. ಇದನ್ನು ಮೊದಲ ಸಲ ಓದಿದ ದಿನ ನನಗೆ ಸ್ವಲ್ಪ ಸಿಟ್ಟೇ ಬಂತು. ಬಣ್ಣದ ಕೆಲಸ ಕಲಿಯಬೇಕೆಂದರೆ ರಾಜಸ್ಥಾನದ ಬಗ್ರು, ಸಾಂಗಾನೇರಕ್ಕೆ ಹೋಗಬೇಕು ಎಂದುಕೊಳ್ಳುವ ನಾವು ಕೂತಿರುವುದು ಎಲ್ಲಿ? ಬಸವಕಲ್ಯಾಣದಲ್ಲಿ ಇಂದಿಗೂ ಮಡಿವಾಳ ಮಾಚಿದೇವರ ಹೊಂಡ ತೋರಿಸುತ್ತಾರೆ. ಬಟ್ಟೆಯ ಬಣ್ಣದ ಕೆಲಸದಲ್ಲಿ ಮುಕ್ಕಾಲು ಪಾಲು ಒಗೆಯುವುದೇ ಎಂದು ಅಚ್ಚು ಹಿಡಿದವರಿಗೆಲ್ಲ ಗೊತ್ತು.

ಹಾಗೆಂದು ಇಲ್ಲಿ ಹಿಂದೆ ದೊಡ್ಡ ಅಚ್ಚಿನ ಉದ್ಯಮ ಇತ್ತು ಎಂದು ನಾನು ಹೇಳುತ್ತಿಲ್ಲ. ಜಿಲ್ಲೆಯ ಹೆಸರು ಬಿದರಿ ಕಲೆಗೆ. ಸಾಮಾನು ಎಲ್ಲ ಇಲ್ಲೇ ಸಿಗುತ್ತದೆ, ರೂಢಿ ಇಲ್ಲ, ಅಷ್ಟೇ.

ಇನ್ನು ಲೆಕ್ಕ. ಒಂದು ಮಧ್ಯಮ ಅಳತೆಯ ಚೀಲಕ್ಕೆ ಬಟ್ಟೆ 38 ರೂಪಾಯಿ. ಓಣಿಯ ಟೇಲರ್ ಅಕ್ಕನಿಗೆ ಹೊಲಿಗೆ 20. ಪಟಿಕ, ಅಳಲೆಕಾಯಿ, ಅಂಟು, ಮಂಜಿಷ್ಠ, ಸೋಡಾ ಎಲ್ಲ ಸೇರಿ 9. ಕಟ್ಟಿಗೆ 3. ಒಟ್ಟು 70. ಮಾರುವುದು 130ಕ್ಕೆ. ಉಳಿಯುವುದು 60. ‘ಅರೆ, ದುಪ್ಪಟ್ಟು ಲಾಭ!’ ಎಂದು ಮೊಬೈಲಿನಲ್ಲಿ ಉದ್ಯಮ ಕಲಿಸುವವರು ಕುಣಿಯುವುದು ಇಲ್ಲೇ. ಅವರು ಬಿಟ್ಟುಬಿಡುವ ಸಾಲು ಒಂದಿದೆ: ನನ್ನ ಸಮಯ. ಇಪ್ಪತ್ತು ಚೀಲದ ಒಂದು ಕಂತಿಗೆ ಕುದಿಸುವುದು, ಅದ್ದುವುದು, ಒತ್ತುವುದು, ಒಗೆಯುವುದು ಸೇರಿ 22 ತಾಸು. ಬಿಸಿಲಿನಲ್ಲಿ ಒಣಗುವ ಹೊತ್ತನ್ನು ಬಿಟ್ಟಿದ್ದೇನೆ, ಆಗ ಇತಿಹಾಸ ಓದುತ್ತಿರುತ್ತೇನೆ. 1,200 ರೂಪಾಯಿಯನ್ನು 22ರಿಂದ ಭಾಗಿಸಿದರೆ ತಾಸಿಗೆ 54 ರೂಪಾಯಿ ಚಿಲ್ಲರೆ. ಎಂಟು ತಾಸಿಗೆ 436. 2025–26ರಲ್ಲಿ ಕರ್ನಾಟಕದ ನರೇಗಾ ದಿನಗೂಲಿ 370 ರೂಪಾಯಿ. ಅದಕ್ಕಿಂತ 66 ರೂಪಾಯಿ ಮೇಲಿದ್ದೇನೆ, ಅದೂ ಮಾಡಿದ್ದೆಲ್ಲ ಮಾರಿದರೆ. ಮಾರಿದ ತಿಂಗಳುಂಟು, ಹದಿನೈದಕ್ಕೇ ನಿಂತ ತಿಂಗಳೂ ಉಂಟು.

ಒಮ್ಮೆ ಒಂದು ಸಂಸ್ಥೆಯವರು ಕಾರ್ಯಾಗಾರಕ್ಕೆಂದು 80 ಚೀಲ ಹೇಳಿದರು. ದರ 130 ಎಂದು ಮಾತಾಗಿತ್ತು. ಮಾಲು ತಲುಪಿದ ಮೇಲೆ ‘ಸ್ಟೂಡೆಂಟ್ ಅದೀಯಲ್ಲ, ಕಲಿಯೋ ಸಲುವಾಗಿ ಮಾಡಿದ್ದಿ, ನೂರು ಹಿಡಿ’ ಎಂದರು. ಆ ನೂರೂ ಕೈಗೆ ಬಂದದ್ದು ಎರಡು ತಿಂಗಳ ನಂತರ. 2,400 ರೂಪಾಯಿ ಅಂದರೆ ನನಗೆ 44 ತಾಸಿನ ದುಡಿಮೆ. ಕಲಿಯುವವರ ಕೆಲಸಕ್ಕೆ ಬೆಲೆ ಇಲ್ಲ ಎಂಬುದು ನಮ್ಮಲ್ಲಿ ಬಹಳ ಜನರ ನಂಬಿಕೆ. ಇಂಟರ್ನ್‌ಶಿಪ್ ಹೆಸರಿನಲ್ಲಿ ಪುಣೆಯಲ್ಲಿ ಪುಕ್ಕಟೆ ದುಡಿಯುತ್ತಿರುವ ನನ್ನ ಗೆಳತಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗ ಅರ್ಧ ಮುಂಗಡ ಬರದೆ ಬಟ್ಟೆ ಕುದಿಸಲು ಇಡುವುದಿಲ್ಲ. ದರವನ್ನು ವಾಟ್ಸ್‌ಆ್ಯಪಿನಲ್ಲಿ ಬರೆಸಿಕೊಳ್ಳುತ್ತೇನೆ.

ಸಾಲ, ಯೋಜನೆ ವಿಚಾರಿಸಿದೆ. ಪಿಎಂ ವಿಶ್ವಕರ್ಮ ಯೋಜನೆ 17 ಸೆಪ್ಟೆಂಬರ್ 2023ರಂದು ಶುರುವಾಯಿತು. 18 ಕಸುಬುಗಳಿಗೆ ತರಬೇತಿ, ಉಪಕರಣಕ್ಕೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಮೊದಲ ಕಂತಿಗೆ ಒಂದು ಲಕ್ಷದವರೆಗೆ ಸಾಲ. ಟೇಲರ್ ಇದ್ದಾರೆ, ಮಡಿವಾಳರು ಇದ್ದಾರೆ, ಹೂಮಾಲೆ ಕಟ್ಟುವವರೂ ಇದ್ದಾರೆ. ಬಟ್ಟೆಗೆ ಬಣ್ಣ ಹಾಕುವವರು, ಅಚ್ಚು ಒತ್ತುವವರು ಆ ಪಟ್ಟಿಯಲ್ಲಿಲ್ಲ. ಟೇಲರ್ ಅಕ್ಕ ಅರ್ಜಿ ಹಾಕಬಹುದು, ನಾನು ಹಾಕುವಂತಿಲ್ಲ. ಅವಳ ಕೈಯಲ್ಲಿ ಅರ್ಜಿ ಹಾಕಿಸಿದ್ದೇವೆ; ಹೊಸ ಯಂತ್ರ ಬಂದರೆ ಚೀಲದ ಹೊಲಿಗೆಯಾದರೂ ಬೇಗ ಮುಗಿದೀತು. ಉದ್ಯಮ್ ನೋಂದಣಿ ಮಾತ್ರ ಪುಕ್ಕಟೆ, ಆನ್‌ಲೈನಿನಲ್ಲೇ ಆಗುತ್ತದೆ. ಅದಕ್ಕೆ ಸೈಬರ್ ಸೆಂಟರಿನಲ್ಲಿ ಐದುನೂರು ಕೇಳಿದರೆ ಕೊಡಬೇಡಿ.

ಪುಣೆಯಲ್ಲಿರುವ ಅಣ್ಣ ಯುಗಾದಿವರೆಗೆ ಟೈಮ್ ಕೊಟ್ಟಿದ್ದಾನೆ. ಅಷ್ಟರೊಳಗೆ ತಿಂಗಳಿಗೆ ಎಂಟು ಸಾವಿರ ಸತತ ಬರದಿದ್ದರೆ ಅವನ ಕಂಪನಿಯ ಪ್ಯಾಕಿಂಗ್ ವಿಭಾಗಕ್ಕೆ ಬರಬೇಕು ಎಂಬುದು ಮನೆಯ ಒಪ್ಪಂದ. ಅನ್ಯಾಯದ ಒಪ್ಪಂದ ಅಂತ ನನಗೆ ಅನ್ನಿಸುವುದಿಲ್ಲ. ಮನೆಯ ಬಾಡಿಗೆ ಅವನೇ ಕಟ್ಟುತ್ತಿರುವುದು. ಹೋದ ತಿಂಗಳು 5,100 ಬಂತು, ಅದರ ಹಿಂದಿನ ತಿಂಗಳು 3,400. ತಾಸಿನ ದರ ಏರಿಸುವ ದಾರಿ ಚೀಲದಲ್ಲಿಲ್ಲ, ದುಪಟ್ಟಾದಲ್ಲಿದೆ ಎಂದು ಈಗ ಅರ್ಥವಾಗಿದೆ. ಒತ್ತುವ ಶ್ರಮ ಒಂದೂವರೆ ಪಟ್ಟು, ಬೆಲೆ ನಾಲ್ಕು ಪಟ್ಟು. ಬೀದರಿನ ಅಂಗಡಿಯವರೊಬ್ಬರು ಹನ್ನೆರಡು ದುಪಟ್ಟಾ ಇಟ್ಟುಕೊಂಡಿದ್ದಾರೆ, ಮಾರಿದ ಮೇಲೆ ಹಣ. ಏಳು ಹೋಗಿವೆ.

ಮಾಡಿ ನೋಡಬೇಕು ಅನ್ನಿಸಿದವರಿಗೆ ಇನ್ನೂರು ರೂಪಾಯಿ ಸಾಕು. ಹಳೆಯ ಬಿಳಿ ಹತ್ತಿ ಪಂಚೆ ಇದ್ದರೆ ಅದೂ ಬೇಡ. ದಾಳಿಂಬೆ ಸಿಪ್ಪೆ ಜ್ಯೂಸ್ ಅಂಗಡಿಯಲ್ಲಿ, ಈರುಳ್ಳಿ ಸಿಪ್ಪೆ ಖಾನಾವಳಿಯಲ್ಲಿ ಪುಕ್ಕಟೆ ಸಿಗುತ್ತದೆ. ದಾಳಿಂಬೆ ಸಿಪ್ಪೆಗೆ ಪಟಿಕ ಕೂಡಿದರೆ ಹಳದಿ, ಕಬ್ಬಿಣ ಕೂಡಿದರೆ ಹಸಿರು ಮಿಶ್ರಿತ ಬೂದು. ಅರಿಶಿನ ಬೇಗ ಕಣ್ಣಿಗೆ ಹೊಡೆಯುತ್ತದೆ, ಆದರೆ ಬಿಸಿಲಿಗೆ ಬೇಗ ಮಾಸುತ್ತದೆ. ಮಾರುವ ಮಾಲಿಗೆ ಬಳಸಬೇಡಿ. ಒಂದೇ ಬಟ್ಟೆಯ ನಾಲ್ಕು ಪಟ್ಟಿ ಹರಿದು, ಒಂದಕ್ಕೆ ಏನೂ ಹಾಕದೆ, ಒಂದಕ್ಕೆ ಪಟಿಕ, ಒಂದಕ್ಕೆ ಅಳಲೆಕಾಯಿ ಮತ್ತು ಪಟಿಕ, ಒಂದಕ್ಕೆ ಅಳಲೆಕಾಯಿ ಮತ್ತು ಕಬ್ಬಿಣ ಹಾಕಿ ಒಂದೇ ಪಾತ್ರೆಯ ಬಣ್ಣದಲ್ಲಿ ಅದ್ದಿ, ಐದು ಸಲ ಒಗೆಯಿರಿ. ಅದಕ್ಕಿಂತ ಒಳ್ಳೆಯ ಗುರು ಇಲ್ಲ. ಬೋರಿನ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಹಳದಿ, ಕೆಂಪು ಎರಡೂ ಮಂಕಾಗುತ್ತವೆ. ಮಳೆನೀರು ಹಿಡಿದಿಟ್ಟುಕೊಂಡರೆ ಒಳ್ಳೆಯದು. ಅಡುಗೆಯ ಪಾತ್ರೆ ಮುಟ್ಟಬೇಡಿ. ಹಳೆಯ ಸ್ಟೀಲ್ ಪಾತ್ರೆ ಒಂದನ್ನು ಇದಕ್ಕೇ ಎಂದು ಬೇರೆ ಇಡಿ.

ನನ್ನ ಮುಂದಿನ ಕೆಲಸ ಕುಸುಬೆ. ಸೋಮೇಶ್ವರನ ಪಟ್ಟಿಯ ಬಣ್ಣಗಳಲ್ಲಿ ನಮ್ಮ ಹೊಲದಲ್ಲೇ ನಿಂತಿರುವುದು ಅದೊಂದು. ಎಣ್ಣೆಗಾಗಿ ಬೆಳೆಯುತ್ತಾರೆ, ಹೂವಿನ ಎಸಳು ಗಿಡದ ಮೇಲೇ ಒಣಗಿ ಉದುರಿ ಹೋಗುತ್ತದೆ. ಆ ಎಸಳನ್ನು ನೀರಿನಲ್ಲಿ ಮತ್ತೆ ಮತ್ತೆ ತೊಳೆದರೆ ಹಳದಿ ಬಿಡುತ್ತದೆ. ಹಳದಿಯೆಲ್ಲ ಹೋದ ಮೇಲೆ ಸೋಡಾ ನೀರಿನಲ್ಲಿ ಹಿಸುಕಿ, ಲಿಂಬೆ ಹುಳಿ ಹಿಂಡಿದರೆ ಒಳಗಿನ ಗುಲಾಬಿ ಕೆಂಪು ಹೊರಬಂದು ಪಟಿಕದ ಹಂಗಿಲ್ಲದೆ ಹತ್ತಿಗೆ ಹತ್ತುತ್ತದೆ. ಬಿಸಿಲಿಗೆ ಬಾಡುವ ಬಣ್ಣ, ರಾಶಿ ಎಸಳು ಬೇಕು, ಒಂದು ದುಪಟ್ಟಾಕ್ಕೆ ಎಷ್ಟಾಗುತ್ತದೆ ಎಂದು ಈ ಸಲದ ಹಂಗಾಮಿನಲ್ಲಿ ತೂಗಿ ನೋಡಬೇಕು. ಹಳ್ಳಿಖೇಡ ಕಡೆ ಸೋದರಮಾವನ ಎರಡು ಎಕರೆ ಕುಸುಬೆ ಇದೆ. ಎಸಳು ಬಿಡಿಸಿಕೊಳ್ಳಲೇ ಎಂದು ಫೋನಿನಲ್ಲಿ ಕೇಳಿದೆ.

‘ಎಷ್ಟ್ ಬೇಕೋ ಅಷ್ಟ್ ಬಿಡಿಸ್ಕೊ ಬೇಟಾ, ಕಾಳ ಉದುರಿಸಬ್ಯಾಡ. ಮತ್ತ ಮುಳ್ಳ ಚುಚ್ಚಿದ್ರ ಅಳ್ತಾ ನನ್ನ ಮುಂದ ಬರಬ್ಯಾಡ’ ಎಂದ.